ಗಂಟಕ್ಕನ ತಲೆಗೇರಿದ ಸುದ್ದಿ

ಹುರಿಮುದುಕಿಯ ಮಗ ಗಾಳಿಪಾದ. ಗಾಳಿಪಾದನ ಮಗ ಊರುಗೋಲಯ್ಯ. ಊರುಗೋಲಯ್ಯನ ಮಗಳು ನಮ್ಮ ಗಂಟಕ್ಕ. ಇವರಿಗೆ ಹೆತ್ತವರು ಹೆಸರಿಟ್ಟಿರಲಿಲ್ಲವೆಂದಲ್ಲ. ಮಾಡಿದ ಕೆಲಸವೇ ಆ ಹೆಸರುಗಳನ್ನು ತಿಂದು ನೀರು ಕುಡಿದಿತ್ತು.

ಹುರಿಮುದುಕಿ ನಾರಿನ ಹಗ್ಗ ಹೊಸೆಯುವವಳು. ಹೊಳೆ ಉಕ್ಕಿ ಹರಿದ ವರ್ಷ ದಡದ ದೋಣಿಗಳೆಲ್ಲ ಕಿತ್ತುಕೊಂಡು ಹೋದವು. ಅವಳ ಹಗ್ಗಕ್ಕೆ ಕಟ್ಟಿದ್ದ ದೋಣಿಯೊಂದು ಮಾತ್ರ ಕಟ್ಟಿದಲ್ಲೇ ಕುಣಿಯುತ್ತ ಉಳಿಯಿತು. ಅವಳ ಮಗ ಗಾಳಿಪಾದ ಆ ಹಗ್ಗವನ್ನೇ ಹಿಡಿದು ಮೇಲೆ ಹತ್ತಿದ. ಬಿದಿರಿನ ಗಳಗಳನ್ನು ಒಂದಕ್ಕೊಂದು ಬಿಗಿದು, ಗಾರೆಯವರು ನಿಂತು ಕೆಲಸ ಮಾಡಲು ಸಾರುವೆ ಕಟ್ಟುವ ಕಸುಬು ಆ ಮನೆಗೆ ಬಂದದ್ದು ಅವನಿಂದ. ಕಾರ್ಖಾನೆಯ ಹೊಗೆಗೊಳವೆಯ ತುದಿಯಲ್ಲಿ, ಬಿರುಗಾಳಿ ಬೀಸುವಾಗ, ಕಾಲು ಇಳಿಬಿಟ್ಟು ಕೂತು ಅವನು ಚಹಾ ಕುಡಿದನಂತೆ. ಲೋಟ ಕೆಳಗಿಳಿಸಿದಾಗ ಒಂದು ಹನಿಯೂ ಚೆಲ್ಲಿರಲಿಲ್ಲವಂತೆ. ಕುಡಿದಾದ ಮೇಲೆ ಹನಿ ಎಲ್ಲಿಂದ ಚೆಲ್ಲಬೇಕು ಎಂದು ಕೇಳಿದವರಿಗೆ ಆ ಮನೆಯಲ್ಲಿ ಇಂದಿಗೂ ಕೂರಲು ಕುರ್ಚಿ ಕೊಡುವುದಿಲ್ಲ. ಊರುಗೋಲಯ್ಯನದು ಎಲ್ಲರೂ ಕಣ್ಣಾರೆ ಕಂಡ ಸಾಹಸ. ಜನ ಕಿಕ್ಕಿರಿದ ಮಾರುಕಟ್ಟೆಯ ಗೋಡೆ ವಾಲಿದಾಗ, ಓಡುವವರ ಎದುರಿಗೇ ಓಡಿ ಹೋಗಿ, ಗಳಗಳನ್ನು ಆನಿಸಿ, ಕೊನೆಯ ಗಿರಾಕಿ ಹೊರಬರುವ ತನಕ ಗೋಡೆಯನ್ನು ನಿಲ್ಲಿಸಿದವನು ಅವನು. "ಗೋಡೆಗೆ ನನ್ನ ಕಂಡ್ರೆ ಮರ್ಯಾದೆ" ಎನ್ನುತ್ತಿದ್ದ. ಹೆಂಡತಿ ಒಳಗಿನಿಂದ "ಗೋಡೆಗಾದ್ರೂ ಇದೆಯಲ್ಲ" ಎನ್ನುತ್ತಿದ್ದಳು.

ಅಂಥವರ ಮಗಳು ಗಂಟಕ್ಕ. ಮೈ ಒಣಬಿದಿರು, ನಾಲಿಗೆ ಚಾವಟಿ. ಹಗ್ಗದ ತುದಿ ಮೂಸಿ ಅದು ಮಳೆ ಕಂಡಿದೆಯೋ ಬಿಸಿಲು ಕಂಡಿದೆಯೋ ಹೇಳುತ್ತಿದ್ದಳು. ಗಂಟು ಹಾಕುವಾಗ ಮುಖವನ್ನೂ ಗಂಟು ಹಾಕಿಕೊಳ್ಳುತ್ತಿದ್ದಳು. ಹಗ್ಗ ಬಿಗಿಯಾದಾಗ ಮುಖ ಸಡಿಲವಾಗುತ್ತಿತ್ತು. ನಾನು ಗಾರೆಯವನು. ಅವಳು ಕಟ್ಟಿದ ಅಟ್ಟಗಳ ಮೇಲೆ ನಿಂತು ಅರ್ಧ ಆಯಸ್ಸು ಸವೆಸಿದ್ದೇನೆ, ಒಮ್ಮೆಯೂ ಕೆಳಗೆ ನೋಡಿಲ್ಲ.

ಅವಳ ತಂಡದಲ್ಲಿ ಎರಡು ಕಟ್ಟಳೆಗಳಿದ್ದವು. ಮೊದಲನೆಯದು ಕೂಗು. ಹೊಸ ಗಳದ ಮೇಲೆ ಕಾಲಿಡುವ ಮುಂಚೆ ಕೆಳಗಿನವರು "ನಂಬ್ಲಾ?" ಎಂದು ಕೇಳಬೇಕು. ಗಂಟು ಕಟ್ಟಿದವರು ಅದನ್ನು ಮೈಭಾರ ಹಾಕಿ ಎಳೆದು, ಹಿಮ್ಮಡಿಯಿಂದ ಒದ್ದು, ಆಮೇಲೆ "ನಂಬು!" ಎನ್ನಬೇಕು. ಆ ಮಾತು ಬಂದಮೇಲೆ ಕಣ್ಣು ಮುಚ್ಚಿಕೊಂಡು ಹತ್ತಬಹುದು. ಎರಡನೆಯದು ಬಾಲ. ಬಿದಿರಿನ ಸಿಬಿರು ಚುಚ್ಚಿಸಿಕೊಂಡವರು ಎಳಸು ಎಂದು ಲೆಕ್ಕ. ಅವರು ಸೊಂಟಕ್ಕೆ ಹಗ್ಗದ ತುಂಡೊಂದನ್ನು ಬಾಲದಂತೆ ಕಟ್ಟಿಕೊಂಡು ದಿನವಿಡೀ ಎಲ್ಲರಿಗೂ ಕುಡಿಯುವ ನೀರು ಹೊರಬೇಕು. ತಂಡದಲ್ಲಿ ಬಾಲ ಕಟ್ಟಿಸಿಕೊಳ್ಳದವಳು ಗಂಟಕ್ಕ ಒಬ್ಬಳೇ. ಅವಳ ಮಗಳು, ಅಮ್ಮನಷ್ಟೇ ಚುರುಕಿನ ಕೈಯವಳು, ಬಾಲ ಕಟ್ಟಿಕೊಂಡು ಓಡಾಡುವಾಗ ಗಂಟಕ್ಕ ಮೇಲಿನಿಂದ "ಏನೇ ಕೋತಿ, ಮರ ಹತ್ತೋಕೆ ಇನ್ನೂ ಬರ್ಲಿಲ್ವಾ?" ಎಂದು ರೇಗಿಸುತ್ತಿದ್ದಳು.

ಬೇಸಿಗೆ ಮುಗಿಯುತ್ತಿದ್ದಾಗ ದೊಡ್ಡ ನೀರಿನ ಟ್ಯಾಂಕಿನ ಕೆಲಸ ಬಂತು. ಎತ್ತರದ ಕಂಬಗಳ ಮೇಲೆ ಕೂತ ಗುಂಡಗಿನ ಟ್ಯಾಂಕು; ಅದರ ಹೊಟ್ಟೆ ಬಿರುಕು ಬಿಟ್ಟಿತ್ತು. ದುಂಡು ಹೊಟ್ಟೆಗೆ ಸಾರುವೆ ಕಟ್ಟುವುದೆಂದರೆ ಓಡುವ ಹಂದಿಗೆ ಅಂಗಿ ತೊಡಿಸಿದ ಹಾಗೆ. ಗಂಟಕ್ಕನಿಗೆ ಹಬ್ಬ! ಸುತ್ತುಸುತ್ತಾಗಿ ಮೇಲೇರಿದಳು. ಕೆಲಸದ ಮೇಸ್ತ್ರಿ, ಹೊಟ್ಟೆಯಲ್ಲಿ ಟ್ಯಾಂಕಿಗೆ ಸರಿಸಾಟಿಯಾದವನು, ಕೆಳಗೆ ನಿಂತು ಕತ್ತು ನೋಯಿಸಿಕೊಳ್ಳುತ್ತಿದ್ದ.

"ಅಕ್ಕಾ, ಬೇಗ ಬೇಗ!"

"ಮೊದಲು ನಿನ್ನ ಹೊಟ್ಟೆಗೊಂದು ಸುತ್ತು ಕಟ್ಟಲಾ ಮೇಸ್ತ್ರಿ? ಅದೂ ಬಿರುಕು ಬಿಡೋ ಹಾಗಿದೆ!"

ಹೀಗಿದ್ದವಳು ಒಂದು ವಾರದ ಕೊನೆಗೆ ಮಂಕಾದಳು. ಊಟದ ಡಬ್ಬಿ ತೆರೆಯಲಿಲ್ಲ. ಮಾತಿಗೆ ಮಾತು ಕೊಡಲಿಲ್ಲ. ಬಿಸಿಲಿನ ಆಯಾಸ ಎಂದುಕೊಂಡೆವು. ಮರುದಿನ ಬೆಳಗ್ಗೆ ನೆಟ್ಟಗೆ ಮೇಲೆ ಹತ್ತಿದಳು, ನಮಗೂ ಸಮಾಧಾನವಾಯಿತು. ಮಗಳು ಕೆಳಗಿನ ಸುತ್ತಿನಲ್ಲಿ ನಿಂತು, "ನಂಬ್ಲಾ?" ಎಂದಳು.

"ನಂಬು," ಎಂದಳು ಗಂಟಕ್ಕ.

ಮಗಳು ಕಾಲಿಟ್ಟಳು. ಗಳ ಜಾರಿತು!

ಅಲ್ಲಿ ಗಂಟೇ ಇರಲಿಲ್ಲ. ಹಗ್ಗವನ್ನು ಗಳದ ಮೇಲೆ ಬಟ್ಟೆ ಒಣಹಾಕಿದ ಹಾಗೆ ಇಳಿಬಿಟ್ಟಿದ್ದಳು ಅಷ್ಟೆ. ಮಗಳು ಪಕ್ಕದ ಗಳಕ್ಕೆ ಒಂದು ಕೈಯಲ್ಲಿ ಜೋತುಬಿದ್ದಳು. ಗಳ ಕೆಳಗೆ ಬಿದ್ದು ಮೇಸ್ತ್ರಿಯ ಸೈಕಲ್ಲನ್ನು ಎರಡು ಮಾಡಿತು. ಪಕ್ಕದ ಅಟ್ಟದಲ್ಲಿದ್ದ ನಾನು ಮಗಳ ಸೊಂಟದ ಪಟ್ಟಿ ಹಿಡಿದೆಳೆದು ಅಟ್ಟಕ್ಕೆ ಹಾಕಿದೆ. ಇಷ್ಟಾದರೂ ಗಂಟಕ್ಕ ತಿರುಗಿ ನೋಡಲಿಲ್ಲ. ಟ್ಯಾಂಕಿನ ಗೋಡೆಯನ್ನು ಸವರುತ್ತ ನಿಂತಿದ್ದವಳು, ನಮ್ಮನ್ನು ಕಂಡು, "ಅಪ್ಪ ಇನ್ನೂ ಬಂದಿಲ್ವಾ? ಬಿದಿರು ಇಳಿಸ್ಬೇಕಿತ್ತು" ಎಂದಳು.

ಊರುಗೋಲಯ್ಯ ಸತ್ತು ಯಾವ ಕಾಲವಾಯಿತು!

ಅವಳನ್ನು ಕೆಳಗಿಳಿಸುವಷ್ಟರಲ್ಲಿ ತೀರ್ಪು ಸಿದ್ಧವಾಗಿತ್ತು. "ಅರವತ್ತಕ್ಕೆ ಅರಳುಮರಳು ಅಂತ ಹಿರಿಯರು ಸುಮ್ನೆ ಹೇಳಿಲ್ಲ," ಎಂದ ಮೇಸ್ತ್ರಿ. "ಇನ್ನು ಅಕ್ಕನ ಗಂಟಿನ ಮೇಲೆ ನನ್ನ ಜನ ಕಾಲಿಡಲ್ಲ. ಬೇರೆ ತಂಡ ನೋಡ್ತೀನಿ."

"ಮೊನ್ನೆ ತನಕ ಸರಿಯಾಗೇ ಇದ್ಳಲ್ಲ ಅಣ್ಣಾ, ನಿಮ್ಮ ಹೊಟ್ಟೆ ಬಗ್ಗೆ ಅಂದಿದ್ದು ಮರೆತ್ರಾ?" ಎಂದಳು ಮಗಳು.

"ಅದನ್ನ ಮರೆಯೋಕಾಗುತ್ತಾ? ಆದ್ರೆ ಸೈಕಲ್ ನೋಡು."

ಮನೆಯಲ್ಲಿ ಗಂಟಕ್ಕ ಗೋಡೆಗೆ ಮುಖ ಮಾಡಿ ಮಲಗಿದಳು. ಎದ್ದರೆ ಹೊದಿಕೆಯ ಅಂಚನ್ನು ಹಿಡಿದು ಇಲ್ಲದ ಗಂಟುಗಳನ್ನು ಬಿಚ್ಚುತ್ತಿದ್ದಳು. ಒಂದು ಗಳಿಗೆ ಸರಿಯಾಗಿ ಮಾತಾಡಿ, "ನೀರು ಕೊಡು ಮಗಳೇ" ಎನ್ನುವಳು, ಲೋಟ ತರುವಷ್ಟರಲ್ಲಿ, "ಯಾರಮ್ಮ ನೀನು? ಹಗ್ಗದ ತುಂಬ ಇರುವೆ, ದೂರ ನಿಲ್ಲು" ಎನ್ನುವಳು. ಮೈ ಮುಟ್ಟಿದರೆ ಬಿಸಿಯಿಲ್ಲ. ಜ್ವರವಿದ್ದಿದ್ದರೆ ನಮಗೊಂದು ದಾರಿ ಹೊಳೆಯುತ್ತಿತ್ತೇನೋ. ಮರೆವಿಗೆ ಏನಾದರೂ ಮದ್ದು ಸಿಗಲಿ ಎಂದು ಮಗಳು ಅವಳನ್ನು ಆಸ್ಪತ್ರೆಗೆ ಹೊರಡಿಸಿದಳು. ಮೇಸ್ತ್ರಿ ವ್ಯಾನು ತಂದ. ಅವಳನ್ನು ಎತ್ತಿ ಕೂರಿಸಲು ನಾನೂ ಹತ್ತಿದೆ.

ಅಲ್ಲಿದ್ದ ಡಾಕ್ಟ್ರಮ್ಮ ಸಣ್ಣ ಆಕೃತಿ, ದೊಡ್ಡ ಕನ್ನಡಕ, ಕುರ್ಚಿಯಲ್ಲಿ ಒಂದೆಡೆ ಕೂರದ ಜೀವ. ಮೊದಲು ಕೇಳಿದ್ದು, "ಯಾವಾಗಿಂದ ಹೀಗೆ?"

"ಮೊನ್ನೆಯಿಂದ," ಎಂದಳು ಮಗಳು.

"ಒಮ್ಮೆ ಸರಿ, ಒಮ್ಮೆ ಕೆಟ್ಟು, ಹಾಗೆ ಆಗ್ತಿದೆಯಾ?"

"ಹೌದು, ಗಳಿಗೆಗೊಂದು ಬಣ್ಣ."

ಡಾಕ್ಟ್ರಮ್ಮನ ಕಣ್ಣು ಅರಳಿತು. ಗಂಟಕ್ಕನ ಎದುರು ಕೂತು, "ಅಮ್ಮಾ, ವಾರದ ದಿನಗಳನ್ನ ಹಿಂದಿನಿಂದ ಹೇಳಿ ನೋಡೋಣ" ಎಂದರು.

"ಶನಿವಾರ… ಶುಕ್ರವಾರ… ಬಿದಿರು ಬಂತಾ?"

"ಕೇಳಿ," ಎಂದರು ಡಾಕ್ಟ್ರಮ್ಮ ನಮ್ಮತ್ತ ತಿರುಗಿ. "ಮರೆವಿನ ಕಾಯಿಲೆ ಸಾಮಾನ್ಯವಾಗಿ ಕಳ್ಳನ ಹಾಗೆ ಬರುತ್ತೆ. ಇವತ್ತೊಂದು ಚಮಚ, ನಾಳೆ ಒಂದು ಲೋಟ. ಮನೆ ಖಾಲಿಯಾದ್ಮೇಲೆ ಗೊತ್ತಾಗುತ್ತೆ. ಇದು ಹಾಗಲ್ಲ, ಬಾಗಿಲು ಒದ್ದು ಬಂದಿದೆ. ಹಳಬರು ಇದನ್ನ ಸನ್ನಿ ಅಂತಿದ್ರು."

"ಜ್ವರ ಇಲ್ದೆ ಸನ್ನಿನಾ?" ಎಂದ ಮೇಸ್ತ್ರಿ.

"ವಯಸ್ಸಾದ ಮೈಯಲ್ಲಿ ಎಷ್ಟೋ ಸಲ ಜ್ವರ ತೋರಲ್ಲ. ಸನ್ನಿಗೆ ಕಾರಣಗಳು ಹತ್ತಾರಿವೆ. ಮೊದಲು ಮೈಯಲ್ಲಿ ಎಲ್ಲಾದ್ರೂ ಬೆಂಕಿ ಬಿದ್ದಿದೆಯಾ ನೋಡ್ತೀನಿ."

ಹುಡುಕಾಟ ಆರಂಭವಾಯಿತು! ರಕ್ತ ತೆಗೆದರು, ಮೂತ್ರ ಕಳಿಸಿದರು, ಎದೆಗೆ ಕಿವಿಗೊಟ್ಟರು, ಬಾಯಿ ತೆರೆಸಿ ಹಲ್ಲು ನೋಡಿದರು. ಹೊಟ್ಟೆ ಒತ್ತಿದರು. ಎಲ್ಲಕ್ಕೂ ಸುಮ್ಮನಿದ್ದ ಗಂಟಕ್ಕ, ಎಡ ಮೊಣಕಾಲು ಮಡಚಿದ ಕೂಡಲೇ, "ನಿನ್ನ ಕೈ ಮುರ್ದೋಗ!" ಎಂದು ಆಸ್ಪತ್ರೆಯ ಗಾಜು ಅದುರುವಂತೆ ಕೂಗಿದಳು. ಬೈಗುಳಕ್ಕೆ ಹಿಗ್ಗುವ ಡಾಕ್ಟರನ್ನು ನಾನು ಕಂಡದ್ದು ಅದೇ ಮೊದಲು. ಕಾಲು ತಿರುಗಿಸಿ ನೋಡಿದರೆ, ಮೊಣಕಾಲ ಹಿಂದಿನ ಮಡಿಕೆಯಲ್ಲಿ ಹಳೆ ಬಟ್ಟೆಯ ಚೂರೊಂದು ಚರ್ಮಕ್ಕೆ ಅಂಟಿಕೊಂಡಿತ್ತು. ಬಿಡಿಸಿದರು. ಕೆಂಪಗೆ ಉಬ್ಬಿದ ಹುಣ್ಣು, ಒಳಗೆ ಆಳವಾಗಿ ಕೀವು, ಅದರ ನಡುವೆ ಕಪ್ಪನೆಯ ಗೆರೆ.

"ಸಿಬಿರು!" ಎಂದು ಕಿರುಚಿದಳು ಮಗಳು. "ಅಯ್ಯೋ ಅಮ್ಮಾ, ಸಿಬಿರು ಚುಚ್ಚಿಸ್ಕೊಂಡಿದ್ದೀಯಾ!" ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿದಿರಲಿಕ್ಕಿಲ್ಲ.

ಗಳವನ್ನು ಮೊಣಕಾಲ ಮಡಿಕೆಯಲ್ಲಿ ಕಚ್ಚಿ ಹಿಡಿದು ಎರಡೂ ಕೈ ಬಿಟ್ಟು ಗಂಟು ಹಾಕುವುದು ಆ ಮನೆತನದ ವರಸೆ. ಅಲ್ಲೇ ಚುಚ್ಚಿತ್ತು. ಹೇಳಿದರೆ ಬಾಲ ಕಟ್ಟಬೇಕು! ಆ ಮಾನಕ್ಕಂಜಿ ಬಟ್ಟೆ ಸುತ್ತಿ ಮುಚ್ಚಿಟ್ಟಿದ್ದಳು. ಸನ್ನಿ ಏರಿದ ಮೇಲೆ ಹೇಳುವುದಕ್ಕೆ ಅವಳಲ್ಲಿ ಅವಳೇ ಇರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಮೊಣಕಾಲ ಹಿಂದಿನ ಹುಣ್ಣಿಗೆ ಬೇಕೇ ಬೇಕು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆಯೋಕೆ ಹೊರಟಿದ್ವಲ್ಲ," ಎಂದೆ ನಾನು. "ಆದ್ರೆ ಡಾಕ್ಟ್ರಮ್ಮ, ಕೀವು ಕಾಲಲ್ಲಿ. ಅದು ತಲೆಗೆ ಹೇಗೆ ಏರ್ತು?"

"ಕೀವು ಏರಿಲ್ಲ," ಎಂದರು ಅವರು. "ಸುದ್ದಿ ಏರಿದೆ."

ಮೇಸ್ತ್ರಿ ಸ್ಟೂಲು ಎಳೆದುಕೊಂಡ. ಗಾಯ ಕೊಯ್ದು ತೊಳೆಯಲು ಗಂಟಕ್ಕನನ್ನು ಒಳಗೆ ಸಿದ್ಧಮಾಡುತ್ತಿದ್ದಷ್ಟು ಹೊತ್ತು ಡಾಕ್ಟ್ರಮ್ಮ ನಿಂತುಕೊಂಡೇ ಹೇಳಿದರು.

"ಯೋಚನೆ, ನೆನಪು, ಮಾತು ಸಾಗಿಸೋ ನರಕೋಶಗಳು ಮೆದುಳಲ್ಲಿವೆ. ಹೊಗಳಿಕೆಯೆಲ್ಲ ಅವಕ್ಕೇ. ಅವುಗಳಿಗೆ ಆಸರೆಯಾಗಿ ಬೇರೆ ಕೋಶಗಳಿವೆ, ಕೋಟಿಗಟ್ಟಲೆ. ಕೆಲವು ನಕ್ಷತ್ರದ ಆಕಾರ. ಒಂದು ಕಾಲು ರಕ್ತನಾಳದ ಮೇಲೆ, ಒಂದು ಕೈ ನರಕೋಶದ ಹೆಗಲ ಮೇಲೆ. ನರಕೋಶಕ್ಕೆ ಆಹಾರ ಒದಗಿಸೋದು, ಅವು ಚೆಲ್ಲಿದ ರಾಸಾಯನಿಕ ಬಳಿದು ತೆಗೆಯೋದು ಅವುಗಳ ಕೆಲಸ. ಇನ್ನು ಕೆಲವು ಕಾವಲುಗಾರರು. ಪುಟ್ಟವು, ಮೈ ತುಂಬ ಕವಲು. ಆ ಕವಲುಗಳನ್ನ ಚಾಚಿ, ಹಿಂದಕ್ಕೆಳೆದು, ಸುತ್ತಮುತ್ತ ಸದಾ ತಡವಿ ನೋಡ್ತಿರ್ತವೆ."

"ಅಮ್ಮ ಗಂಟು ತಡವೋ ಹಾಗೆ," ಎಂದಳು ಮಗಳು.

"ಹಾಗೇ ಅಂದ್ಕೊಳ್ಳಿ. ಈಗ ಕಾಲಲ್ಲಿ ಉರಿಯೂತ ಆಯ್ತು. ಅಲ್ಲಿ ಹೋರಾಡೋ ಕೋಶಗಳು 'ಅಪಾಯ, ಅಪಾಯ' ಅಂತ ರಕ್ತಕ್ಕೆ ರಾಸಾಯನಿಕ ಬಿಡ್ತವೆ. ಮೆದುಳಿನ ರಕ್ತನಾಳದ ಗೋಡೆ ಬಿಗಿ, ಸಿಕ್ಕಿದ್ದನ್ನೆಲ್ಲ ಒಳಗೆ ಬಿಡಲ್ಲ. ಆದ್ರೆ ಗೋಡೆಯೇ ಆ ಸುದ್ದಿನ ಒಳಗೆ ದಾಟಿಸುತ್ತೆ. ನರದ ದಾರೀಲೂ ಸ್ವಲ್ಪ ಹೋಗುತ್ತೆ. ಕೇಳಿದ್ದೇ ತಡ, ಕಾವಲುಗಾರರು ಕವಲು ಮಡಚಿ, ಮೈ ಉಬ್ಬಿಸ್ಕೊಂಡು, ತಾವೂ ಕೂಗೋಕೆ ಶುರು ಮಾಡ್ತಾರೆ. ಆ ಗಲಾಟೇಲಿ ನಕ್ಷತ್ರಗಳ ವರಸೆಯೂ ಬದಲಾಗುತ್ತೆ. ಆಹಾರ ಒದಗಿಸೋದು, ಬಳಿಯೋದು ಹಿಂದೆ ಬೀಳುತ್ತೆ. ಆಗ ನರಕೋಶಗಳ ಮಾತು ಅಡ್ಡಾದಿಡ್ಡಿ."

ಮಗಳು ಎದ್ದೇ ನಿಂತಳು. "ಅಂದ್ರೆ ಗಾರೆಯವರೆಲ್ಲ ಸರಿಯಾಗೇ ಇದ್ದಾರೆ! ಸಾರುವೆಯವರು ಎಲ್ಲೋ ಬೆಂಕಿ ಬಿತ್ತು ಅಂತ ಅರ್ಧ ಕೆಲಸ ಬಿಟ್ಟು ಓಡಿದ್ದಾರೆ, ಅದಕ್ಕೇ ಅಟ್ಟ ಅಲ್ಲಾಡ್ತಿದೆ!"

"ವಾಹ್! ಹೆಚ್ಚುಕಮ್ಮಿ ಅದೇ," ಎಂದರು ಡಾಕ್ಟ್ರಮ್ಮ. "ಆ ಓಟ ದಡ್ಡತನ ಅಲ್ಲ. ನಿಮಗೆ ನೆಗಡಿಯಾಗಿ ಮೈ ಕೆಟ್ಟಾಗ ಊಟ ಬೇಡ, ಮಾತು ಬೇಡ, ಮಲಗಿದ್ರೆ ಸಾಕು ಅನ್ಸುತ್ತಲ್ಲ? ಅದರಲ್ಲೂ ಇವರ ಕೈವಾಡ ಇದೆ. ಮೈಗೆ ವಿಶ್ರಾಂತಿ ಕೊಡಿಸೋ ಉಪಾಯ ಅದು. ಆದ್ರೆ ವಯಸ್ಸಾದ ಮೆದುಳಿನ ಕಾವಲುಗಾರರು ಮೊದಲೇ ಪುಕ್ಕಲಾಗಿರ್ತಾರೆ. ಹಗ್ಗ ಅಲ್ಲಾಡಿದ್ರೂ ಹಾವು ಅಂತ ಊರೆಲ್ಲ ಎಬ್ಬಿಸ್ತಾರೆ."

ಮೇಸ್ತ್ರಿ ತನ್ನ ತಲೆಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಹಿಡಿದುಕೊಂಡ, ಒಳಗಿನವರು ಎಚ್ಚರಾದಾರು ಎನ್ನುವಂತೆ. "ಹಾಗಾದ್ರೆ ಗಾಯ ವಾಸಿಯಾದ್ರೆ ಅಕ್ಕ ಮೊದಲಿನ ಹಾಗೇ?"

ಡಾಕ್ಟ್ರಮ್ಮನ ದನಿ ತಗ್ಗಿತು. "ಆಣೆ ಹಾಕೋಕಾಗಲ್ಲ. ಬೆಂಕಿ ಆರಿದ್ಮೇಲೂ ಕೂಗು ಒಮ್ಮೆಗೇ ನಿಲ್ಲಲ್ಲ. ಹಲವರು ಮರಳಿ ಬರ್ತಾರೆ. ಕೆಲವರು ಪೂರ್ತಿ ಬರಲ್ಲ. ಕಾಯ್ಬೇಕು."

ಕಾದೆವು. ಗಾಯದ ಕೀವು ಬಸಿದು, ಸಿಬಿರು ತೆಗೆದು, ಔಷಧಿ ಏರಿಸಿದರು. ಕಿಟಕಿಯ ಪಕ್ಕದ ಮಂಚ ಕೊಟ್ಟು, ಅವಳ ಕನ್ನಡಕ ತರಿಸಿ ಹಾಕಿ, ಹಗಲು ಯಾವುದು, ರಾತ್ರಿ ಯಾವುದು ಎಂಬುದು ಅವಳಿಗೆ ತಿಳಿಯುವಂತೆ ಮಾಡಿ ಎಂದರು. ಮಗಳು ಪಕ್ಕದಲ್ಲಿ ಕೂತು ಟ್ಯಾಂಕಿನ ಸುದ್ದಿ ಹೇಳುತ್ತಲೇ ಇದ್ದಳು. ಗಂಟಕ್ಕ ಕೇಳುತ್ತಿದ್ದಳೋ ಇಲ್ಲವೋ, ಕಣ್ಣು ಮಾತ್ರ ಛಾವಣಿಯಲ್ಲಿ. ಮೇಸ್ತ್ರಿಯೂ ಹೊಸ ತಂಡದ ಮಾತೆತ್ತಲಿಲ್ಲ. ಕೆಳಗಿನ ಸುತ್ತುಗಳ ಗಾರೆ ಹಿಡಿಸಿ ದಿನ ದೂಡಿದ.

ಒಂದು ಬೆಳಗ್ಗೆ ನಾನು ಅಟ್ಟದ ಮೇಲಿದ್ದೆ. ರಸ್ತೆಯ ತಿರುವಿನಲ್ಲಿ ಮಗಳು ಓಡಿ ಬರುವುದು ಕಂಡಿತು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಇಲ್ಲ. ಕೆಟ್ಟ ಸುದ್ದಿ ಎಂದೇ ಎಣಿಸಿದೆ.

"ಬೈದ್ಳು!" ಎಂದು ಕೆಳಗಿನಿಂದ ಕೂಗಿದಳು. "ಅಮ್ಮ ಬೈದ್ಳು!"

"ಏನಂತ?" ಎಂದು ಮೇಲಿನಿಂದ ಎಲ್ಲರೂ ಒಟ್ಟಿಗೇ ಕೂಗಿದೆವು.

"ಔಷಧಿ ಬಾಟ್ಲಿನ ದಾರದಲ್ಲಿ ಕಟ್ಟಿದ್ರು. ಅದನ್ನ ನೋಡಿ, 'ಯಾವ ಕತ್ತೆ ಹಾಕಿದ ಗಂಟೇ ಇದು? ಬಿಚ್ಚು, ಕಣ್ಣು ಉರಿಯುತ್ತೆ' ಅಂದ್ಳು!"

ಟ್ಯಾಂಕೇ ಉರುಳುವ ಹಾಗೆ ಕೇಕೆ ಹಾಕಿದೆವು. ಮೇಸ್ತ್ರಿ ಮುಖ ಆ ಕಡೆ ತಿರುಗಿಸಿ, ಕಣ್ಣಿಗೆ ಸಿಮೆಂಟು ಬಿತ್ತು ಎಂದ. ಆ ದಿನ ಸಿಮೆಂಟಿನ ಚೀಲ ಒಡೆದೇ ಇರಲಿಲ್ಲ.

ಆದರೆ ಮರಳಿ ಬಂದವಳಿಗೆ ನಡೆದದ್ದನ್ನು ಹೇಳಬೇಕಿತ್ತಲ್ಲ. ಮಗಳೇ ಹೇಳಿದಳು. ಕಟ್ಟದ ಗಂಟಿಗೆ "ನಂಬು" ಎಂದ ಸಂಗತಿಯನ್ನೂ ಬಿಡಲಿಲ್ಲ. ಡಾಕ್ಟ್ರಮ್ಮ ನಕ್ಷತ್ರಗಳ ಕತೆಯನ್ನು ಮತ್ತೊಮ್ಮೆ ಹೇಳಿ, "ಅದು ನಿಮ್ಮ ತಪ್ಪಲ್ಲಮ್ಮ" ಎಂದಾಗ, "ತಲೆ ಕೆಟ್ಟಿದ್ದು ನನ್ನ ತಪ್ಪಲ್ಲ. ಸಿಬಿರು ಮುಚ್ಚಿಟ್ಟಿದ್ದು ಯಾರ ತಪ್ಪು?" ಎಂದಳು ಗಂಟಕ್ಕ.

ಮನೆಗೆ ಬಂದು, ಕಾಲಿನ ಗಾಯ ಕೂಡಿ, ನಡೆಯಲು ಅಪ್ಪಣೆ ಸಿಕ್ಕ ದಿನ ಅವಳು ಮೊದಲು ಮಾಡಿದ್ದು ತಂಡದ ಎದುರು ನಿಂತು ಸೊಂಟಕ್ಕೆ ಬಾಲ ಕಟ್ಟಿಕೊಂಡದ್ದು. ಅರ್ಧ ಕೊಡ ನೀರು ಹೊತ್ತು, ಕೂತು ಎದ್ದು, ಎಲ್ಲರಿಗೂ ಕೊಟ್ಟಳು. ಯಾರೂ ನಗುವ ಧೈರ್ಯ ಮಾಡಲಿಲ್ಲ. "ನಗ್ರೋ! ನಗದಿದ್ರೆ ಇದಕ್ಕೆ ಬೆಲೆ ಏನು?" ಎಂದು ಅವಳೇ ಗದರಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಂದಿನಿಂದ ಬಾಲದ ಕಟ್ಟಳೆ ಹೋಯಿತು. ಸಿಬಿರು ಚುಚ್ಚಿದರೆ ಕೂಡಲೇ ಕೂಗಿ ಹೇಳಬೇಕು ಎಂಬುದು ಹೊಸದಾಗಿ ಬಂತು.

ಟ್ಯಾಂಕಿನ ಮೇಲಿನ ಸುತ್ತು ಇನ್ನೂ ಬಾಕಿಯಿತ್ತು. ಡಾಕ್ಟ್ರಮ್ಮ ಅವಳನ್ನು ಕೂರಿಸಿ, ನಡೆಸಿ, ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿ, ಸದ್ಯಕ್ಕೆ ಎತ್ತರ ಬೇಡ, ಕೆಳಗಿನ ಕೆಲಸ ನಿಧಾನವಾಗಿ ಮಾಡಲಿ ಎಂದರು. ಮೇಲಿನ ಸುತ್ತಿನ ಭಾರ ಹೊರುವ ಬುಡದ ಗಂಟುಗಳು ಕೆಳಗೇ ಕಟ್ಟುವಂಥವು. ಗಂಟಕ್ಕ ಹಗ್ಗ ಹೆಗಲಿಗೇರಿಸಿಕೊಂಡು ಬಂದಳು. ನಮ್ಮ ಗಾರೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಪ್ರೀತಿ ಬೇರೆ, ಪ್ರಾಣ ಬೇರೆ. ಮೇಸ್ತ್ರಿ ಕೆಮ್ಮಿ, ಕೆರೆದುಕೊಂಡು, ಕೊನೆಗೆ ಬಾಯಿಬಿಟ್ಟ: "ಅಕ್ಕಾ, ನಿಮ್ಮ ಮೇಲೆ ಗೌರವ ಬೆಟ್ಟದಷ್ಟಿದೆ. ಆದ್ರೆ ಇವರು ಹತ್ತಲ್ಲ ಅಂತಾರೆ."

ಗಂಟಕ್ಕನ ಮುಖದಲ್ಲಿ ಗಂಟೂ ಇಲ್ಲ, ಸಡಿಲವೂ ಇಲ್ಲ. ಬುಡದ ಕಂಬಕ್ಕೆ ಹಗ್ಗ ಸುತ್ತತೊಡಗಿದಳು. ಮಗಳು ಪಕ್ಕಕ್ಕೆ ಬಂದು ಹಗ್ಗದ ಇನ್ನೊಂದು ತುದಿ ಹಿಡಿದು, ಪಿಸುದನಿಯಲ್ಲಿ ಹೇಳಿದಳು. ಹತ್ತಿರವಿದ್ದ ನನಗೂ ಕೇಳಿಸಿತು.

"ಅಮ್ಮಾ, ಒಂದು ಉಪಾಯ. ಗಂಟು ನೀನೇ ಕಟ್ಟು. 'ನಂಬು' ಅಂತ ನಾನು ಕೂಗ್ತೀನಿ. ನನ್ನ ಗಂಟು ಅಂದ್ಕೊಂಡು ಎಲ್ಲರೂ ಹತ್ತುತ್ತಾರೆ. ನಿನ್ನ ಕೆಲಸವೂ ಉಳಿಯುತ್ತೆ, ಯಾರಿಗೂ ಗೊತ್ತಾಗಲ್ಲ. ಬಿಡು, ಎಳೆಯೋಕೆ ನಾನೂ ಕೈ ಹಾಕ್ತೀನಿ."

ಗಂಟಕ್ಕ ಹಗ್ಗವನ್ನು ಅಂಗೈಗೆ ಒಂದು ಸುತ್ತು ಹೆಚ್ಚಿಗೆ ಸುತ್ತಿಕೊಂಡಳು. ಆಮೇಲೆ ಆಡಿದ ಮಾತು ಪಿಸುಮಾತಾಗಿರಲಿಲ್ಲ, ಟ್ಯಾಂಕಿನ ಹೊಟ್ಟೆಗೆ ಬಡಿದು ಮರುದನಿ ಕೊಟ್ಟಿತು.

"ಬೇಡ ಮಗಳೇ. ಮುಚ್ಚಿಟ್ಟು ಒಂದ್ಸಲ ಕೆಟ್ಟಿದ್ದೀನಿ, ಸಾಕು. ಹೆದರೋರು ಹೆದರ್ಲಿ, ಅದು ಅವರ ಹಕ್ಕು. ಬಂದು ಎಳೆದು ನೋಡ್ಲಿ, ಒದ್ದು ನೋಡ್ಲಿ, ಆ ಮೇಸ್ತ್ರಿನ ಹತ್ತಿಸಿ ಕುಣಿಸಿ ನೋಡ್ಲಿ. ಹತ್ತಲ್ಲ ಅಂದ್ರೆ ಬಿಚ್ತೀನಿ, ನಾಳೆ ಮತ್ತೆ ಬಂದು ಕಟ್ತೀನಿ. ಆದ್ರೆ ನನ್ನ ಗಂಟು ಇನ್ನೊಬ್ಬರ ಬಾಯಿಂದ ಬೇಡ. ನೀನು ಕೈ ತೆಗಿ. ಹಗ್ಗ ನಾನೇ ಎಳೀತೀನಿ."